ಮಕ್ಕಳನ್ನು ಒಪ್ಪಿಸಿಕೊಟ್ಟ ತಂದೆತಾಯಿಗಳು: ಹಕ್ಕುತ್ಯಾಗ ಮತ್ತು ಪೋಷಣೆಯ ಹೊಣೆ ಕುರಿತ ಒಂದು ಚಾರಿತ್ರಿಕ ವಿಚಾರ

ಆರನೆಯ ಶತಮಾನದ ಪೂರ್ವಾರ್ಧದಲ್ಲಿ ಸಂತ ಬೆನೆಡಿಕ್ಟರು ರಚಿಸಿದ ಮಠನಿಯಮದ 59ನೆಯ ಅಧ್ಯಾಯ ಕೆಲವೇ ವಾಕ್ಯಗಳಷ್ಟು ಚಿಕ್ಕದು. ಕುಲೀನನೊಬ್ಬನು ತನ್ನ ಮಗನನ್ನು ಮಠದಲ್ಲಿ ದೇವರಿಗೆ ಒಪ್ಪಿಸಲು ಬಂದರೆ ಏನು ಮಾಡಬೇಕೆಂಬುದನ್ನು ಅದು ವಿಧಿಸುತ್ತದೆ. ಹುಡುಗ ಎಳೆಯನಾದ್ದರಿಂದ ಅವನ ಪರವಾಗಿ ತಂದೆತಾಯಿಗಳೇ ವಿಜ್ಞಾಪನಾಪತ್ರವನ್ನು ಬರೆಯಬೇಕು. ಆ ಪತ್ರವನ್ನೂ ಹುಡುಗನ ಕೈಯನ್ನೂ ಕಾಣಿಕೆಯೊಡನೆ ಬಲಿಪೀಠದ ವಸ್ತ್ರದಲ್ಲಿ ಸುತ್ತಿ ಅರ್ಪಿಸಬೇಕು. ಇಷ್ಟರವರೆಗೆ ಎಲ್ಲವೂ ಭಕ್ತಿಯ ಚಿತ್ರವೇ. ಆದರೆ ಅದೇ ಪತ್ರದಲ್ಲಿ ತಂದೆತಾಯಿಗಳು ಇನ್ನೊಂದು ಪ್ರಮಾಣವನ್ನೂ ಮಾಡಬೇಕು: ತಾವಾಗಲಿ, ಮಧ್ಯಸ್ಥರ ಮೂಲಕವಾಗಲಿ, ಬೇರಾವ ರೀತಿಯಿಂದಾಗಲಿ ಆ ಮಗನಿಗೆ ಎಂದೆಂದಿಗೂ ಏನನ್ನೂ ಕೊಡುವುದಿಲ್ಲ, ಏನನ್ನಾದರೂ ಪಡೆಯುವ ಅವಕಾಶವನ್ನೂ ಕಲ್ಪಿಸುವುದಿಲ್ಲ ಎಂದು. ಒಂದೇ ಹಾಳೆಯ ಮೇಲೆ ಮಗನ ಮೇಲಿನ ಅಧಿಕಾರವೂ ಮಗನಿಗೆ ಸಲ್ಲಬೇಕಾದ ಪೋಷಣೆಯೂ ಒಟ್ಟಿಗೆ ತ್ಯಾಗವಾಗುತ್ತವೆ.

ಈ ಹಳೆಯ ಅಧ್ಯಾಯದ ಕಡೆಗೆ ನಾವು ಮತ್ತೆ ತಿರುಗಲು ತರಗತಿಯಲ್ಲಿ ಬಂದ ಒಂದು ಪ್ರಶ್ನೆಯೇ ಕಾರಣ. ವಿವಾಹಸಂಸ್ಕಾರದ ಕಾನೂನನ್ನು ಬೋಧಿಸುವಾಗ, ಇಂದು ಧರ್ಮಕೇಂದ್ರಗಳ ಗುರುಗಳ ಮುಂದೆ ಬರುವ ಒಂದು ಬಗೆಯ ಕರಾರುಪತ್ರದ ಪ್ರಸ್ತಾಪ ಬಂದಿತು. ಪರಸ್ಪರ ಒಪ್ಪಿಗೆಯಿಂದ ಬೇರ್ಪಡುವ ದಂಪತಿಗಳು ಬರೆದುಕೊಳ್ಳುವ ಪತ್ರವದು. ಮಗುವಿನ ಮೇಲೆ ತನಗೆ ಇನ್ನು ಯಾವ ಹಕ್ಕೂ ಇಲ್ಲ, ಅದನ್ನು ನೋಡಲೂ ತಾನು ಬರುವುದಿಲ್ಲ, ಪ್ರತಿಯಾಗಿ ಅದರ ಖರ್ಚುವೆಚ್ಚವನ್ನೂ ಯಾರೂ ತನ್ನಿಂದ ಕೇಳತಕ್ಕದ್ದಲ್ಲ ಎಂದು ಒಬ್ಬರು, ಸಾಮಾನ್ಯವಾಗಿ ತಂದೆ, ಅದರಲ್ಲಿ ಬರೆದುಕೊಡುತ್ತಾರೆ. ಇದು ಅಧರ್ಮವೆಂದು ನಾವು ಹೇಳಿದಾಗ ವಿದ್ಯಾರ್ಥಿಯೊಬ್ಬರು ಎದ್ದು, ಧರ್ಮಸಭೆಯೇ ಶತಮಾನಗಳ ಕಾಲ ತಂದೆತಾಯಿಗಳಿಂದ ಇಂಥದೇ ಪತ್ರವನ್ನು ಬಲಿಪೀಠದ ಮೇಲೆ ಸ್ವೀಕರಿಸಲಿಲ್ಲವೇ ಎಂದು ಕೇಳಿದರು. ಅಂದು ನಾವು ಕೊಟ್ಟ ಉತ್ತರ ನಮಗೇ ತೃಪ್ತಿಕರವಾಗಿರಲಿಲ್ಲ. ಈ ಲೇಖನವು ಆ ಪ್ರಶ್ನೆಗೆ ತಡವಾಗಿ ಬರೆದ ಉತ್ತರ.

ಬೆನೆಡಿಕ್ಟರ ನಿಯಮವು ಯಾವ ಲೋಕದೊಳಗೆ ಹುಟ್ಟಿತೆಂಬುದನ್ನು ಮೊದಲು ನೋಡಬೇಕು. ರೋಮನ್ ಕಾನೂನಿನಲ್ಲಿ ಮಕ್ಕಳ ಮೇಲೆ ತಂದೆಗಿದ್ದ ಅಧಿಕಾರ ಅಸಾಧಾರಣವಾದದ್ದು. ಮಗ ಎಷ್ಟೇ ದೊಡ್ಡವನಾದರೂ ತಂದೆ ಬದುಕಿರುವವರೆಗೆ ಅವನ ಅಧೀನ. ಆದರೆ ಹುಟ್ಟಿದ ಕೂಸನ್ನು ಸಾಕಲೇಬೇಕೆಂಬ ನಿರ್ಬಂಧವು ಆ ಅಧಿಕಾರಕ್ಕೆ ಸಮಾನವಾಗಿ ಬೆಳೆದಿರಲಿಲ್ಲ. ಬೇಡವಾದ ಶಿಶುವನ್ನು ಬೀದಿಯಲ್ಲೋ ಕಸದ ತಿಪ್ಪೆಯಲ್ಲೋ ಬಿಟ್ಟುಬರುವುದು ರೂಢಿಯಲ್ಲಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮಗುವನ್ನು ಬಿಟ್ಟುಬಂದ ಮಾತ್ರಕ್ಕೆ ತಂದೆಯ ಅಧಿಕಾರ ಅಳಿಯುತ್ತಿರಲಿಲ್ಲ. ಸ್ವತಂತ್ರನಾಗಿ ಹುಟ್ಟಿದ ಮಗುವನ್ನು ಬೇರೊಬ್ಬರು ಸಾಕಿ ಬೆಳೆಸಿದ ಮೇಲೂ ಅದರ ಸ್ವಾತಂತ್ರ್ಯವನ್ನು ಪ್ರತಿಪಾದಿಸಿ ಮರಳಿ ಪಡೆಯಬಹುದಾಗಿತ್ತು. ಎರಡನೆಯ ಶತಮಾನದ ಆದಿಯಲ್ಲಿ ಬಿಥೀನಿಯ ಪ್ರಾಂತ್ಯದಿಂದ ಪ್ಲೀನಿ ಈ ವಿಷಯವಾಗಿ ಚಕ್ರವರ್ತಿ ಟ್ರಾಜನನಿಗೆ ಬರೆದನು; ಅಂಥ ಮಕ್ಕಳು ತಮ್ಮ ಸ್ವಾತಂತ್ರ್ಯವನ್ನು ಪಡೆಯಲು ಸಾಕಿದವರಿಗೆ ಪೋಷಣೆಯ ವೆಚ್ಚವನ್ನು ತೆರಬೇಕಾಗಿಲ್ಲವೆಂದು ಟ್ರಾಜನ್ ಉತ್ತರಿಸಿದನು. ಅಂದರೆ ಹೊಣೆಯನ್ನು ಬೀದಿಗೆ ಬಿಟ್ಟು ಹಕ್ಕನ್ನು ಮನೆಯಲ್ಲಿ ಇಟ್ಟುಕೊಳ್ಳಲು ಸಾಧ್ಯವಿತ್ತು.

ಕಾನೂನುತಜ್ಞರೇ ಈ ಸ್ಥಿತಿಯನ್ನು ಒಪ್ಪಲಾರದೆ ಹೋದರು. ಮಗುವಿನ ಉಸಿರು ಕಟ್ಟಿಸಿದವನಷ್ಟೇ ಅಲ್ಲ, ಅದಕ್ಕೆ ಅನ್ನ ನಿರಾಕರಿಸಿದವನೂ, ತನ್ನಲ್ಲೇ ಇಲ್ಲದ ಕನಿಕರವನ್ನು ಪರರಿಂದ ಅಪೇಕ್ಷಿಸಿ ಅದನ್ನು ಸಾರ್ವಜನಿಕ ಸ್ಥಳದಲ್ಲಿ ಬಿಟ್ಟುಹೋದವನೂ ಕೊಲೆಗಾರನೇ ಎಂಬ ಅಭಿಪ್ರಾಯ ಪೌಲುಸ್ ಎಂಬ ನ್ಯಾಯವೇತ್ತನ ಹೆಸರಿನಲ್ಲಿ ರೋಮನ್ ಕಾನೂನಿನ ಸಂಗ್ರಹದಲ್ಲಿ ಉಳಿದುಬಂದಿದೆ. 331ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿಯು ತಿಳಿದೂ ತಿಳಿದು ಮಗುವನ್ನು ಹೊರಹಾಕಿದ ತಂದೆಗೆ ಅದನ್ನು ಮರಳಿ ಕೇಳುವ ಹಕ್ಕಿಲ್ಲವೆಂದು ಶಾಸನ ಮಾಡಿದನು. ಆದರೆ ಎತ್ತಿಕೊಂಡವನು ಅದನ್ನು ಮಗನಾಗಿಯೋ ಗುಲಾಮನಾಗಿಯೋ ತನ್ನ ಇಷ್ಟದಂತೆ ಇಟ್ಟುಕೊಳ್ಳಬಹುದೆಂದೂ ಅದೇ ಶಾಸನ ಹೇಳಿತು. ಎಸೆಯಲ್ಪಟ್ಟ ಮಕ್ಕಳೆಲ್ಲರೂ ಸ್ವತಂತ್ರರೆಂದು ಘೋಷಣೆಯಾಗಲು 529ರ ಜಸ್ಟೀನಿಯನ್ನನ ಶಾಸನದವರೆಗೆ ಕಾಯಬೇಕಾಯಿತು. ಈ ನಡುವೆ 442ರಲ್ಲಿ ಗಾಲ್ ಪ್ರಾಂತ್ಯದ ವೇಸೋನ್ ನಗರದಲ್ಲಿ ಸೇರಿದ ಧರ್ಮಾಧ್ಯಕ್ಷರ ಪರಿಷತ್ತು ಒಂದು ವ್ಯಾವಹಾರಿಕ ಕ್ರಮವನ್ನು ನಿಗದಿಪಡಿಸಿತು: ಬಿಟ್ಟುಹೋದ ಮಗುವನ್ನು ಎತ್ತಿಕೊಂಡವರು ದೇವಾಲಯಕ್ಕೆ ತಿಳಿಸಬೇಕು, ಭಾನುವಾರ ಬಲಿಪೀಠದಿಂದ ಅದನ್ನು ಸಾರಬೇಕು, ಹೆತ್ತವರಿಗೆ ಮರಳಿ ಪಡೆಯಲು ಹತ್ತು ದಿನಗಳ ಅವಧಿ ಇರಬೇಕು, ಆ ಬಳಿಕ ಯಾರೂ ಸಾಕಿದವರನ್ನು ಪೀಡಿಸಬಾರದು. ತ್ಯಜಿಸಿದವರಿಗೆ ಮರುಯೋಚನೆಯ ಕಾಲ, ಸ್ವೀಕರಿಸಿದವರಿಗೆ ನಿಶ್ಚಿಂತೆ. ಈ ಹತ್ತು ದಿನಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ.

ಹೊಣೆ ಬಿಟ್ಟು ಹಕ್ಕು ಉಳಿಸಿಕೊಳ್ಳುವ ಲೋಕದೊಳಗೆ ಬೆನೆಡಿಕ್ಟರ 59ನೆಯ ಅಧ್ಯಾಯವನ್ನು ಇಟ್ಟು ನೋಡಿದರೆ ಅದರ ಗಾಂಭೀರ್ಯ ತಿಳಿಯುತ್ತದೆ. ಇಲ್ಲಿ ಮಗು ಕತ್ತಲಲ್ಲಿ ಕೈಬಿಡಲ್ಪಡುವುದಿಲ್ಲ. ಹಗಲಲ್ಲಿ, ಸಾಕ್ಷಿಗಳ ಮುಂದೆ, ಬರಹದ ಮೂಲಕ ಒಪ್ಪಿಸಲ್ಪಡುತ್ತದೆ. ಅದರ ಊಟ, ಬಟ್ಟೆ, ವಿದ್ಯೆ, ಮುಪ್ಪು ಎಲ್ಲಕ್ಕೂ ಮಠವು ಹೊಣೆಯಾಗುತ್ತದೆ. ತಂದೆ ಶ್ರೀಮಂತನೇ ಆಗಲಿ ಬಡವನೇ ಆಗಲಿ ಕ್ರಮ ಒಂದೇ. ಏನೂ ಇಲ್ಲದವನು ಬರಿಯ ಪತ್ರದೊಡನೆ ಮಗನನ್ನು ಸಾಕ್ಷಿಗಳೆದುರು ಅರ್ಪಿಸಿದರೆ ಸಾಕು. ಇನ್ನು ಮಗನಿಗೆ ಏನನ್ನೂ ಕೊಡಬಾರದೆಂಬ ಕಠಿಣವಾದ ಪ್ರಮಾಣಕ್ಕೆ ಬೆನೆಡಿಕ್ಟರು ಕೊಡುವ ಕಾರಣವೂ ವಿಚಾರಾರ್ಹ. ಹೊರಗೆ ತನಗಾಗಿ ಏನೋ ಕಾದಿದೆಯೆಂಬ ಆಸೆ ಹುಡುಗನಲ್ಲಿ ಉಳಿದರೆ ಅದೇ ಅವನನ್ನು ವಂಚಿಸಿ ಕೆಡಿಸೀತು. ಹಾಗಾಗಿದ್ದನ್ನು ತಾವು ಅನುಭವದಿಂದ ಬಲ್ಲೆವೆಂದು ಅವರು ಹೇಳುತ್ತಾರೆ. ಆ ಅನುಭವ ಯಾರದೆಂದು ಅವರು ಬರೆಯುವುದಿಲ್ಲ. ಏನಾದರೂ ಕೊಡಲೇಬೇಕೆಂಬ ಇಚ್ಛೆಯುಳ್ಳವರು ಮಠಕ್ಕೇ ದಾನ ಮಾಡಬಹುದು, ಬೇಕಿದ್ದರೆ ಅದರ ಉತ್ಪತ್ತಿಯನ್ನು ತಮ್ಮ ಜೀವಿತಕಾಲದವರೆಗೆ ತಾವೇ ಅನುಭವಿಸಬಹುದು. ಮುಂದಿನ ಶತಮಾನಗಳಲ್ಲಿ ಹುಡುಗರೊಡನೆ ಹೊಲ, ಕಾಡು, ಗದ್ದೆಗಳೂ ಮಠಗಳಿಗೆ ಹರಿದುಬಂದದ್ದು ಈ ಬಾಗಿಲಿನಿಂದಲೇ.

ಮಗುವನ್ನು ಮಠಕ್ಕೆ ಬಿಡುವುದು, ದೇವರಿಗೆ ಬಿಡುವುದು ಎಂಬ ಮಾತುಗಳು ನಮ್ಮ ನಾಡಿನ ಓದುಗರಿಗೆ ಹೊಸವಲ್ಲ. ಆದ್ದರಿಂದ ಮಧ್ಯಯುಗದ ತಂದೆತಾಯಿಗಳನ್ನು ಕಟುಕರೆಂದು ಕರೆಯುವ ಆತುರ ನಮಗಿಲ್ಲ. ಹರಕೆ ಹೊತ್ತವರಿದ್ದರು. ಸತ್ತ ಮೇಲೆ ತಮಗಾಗಿ ಪ್ರಾರ್ಥಿಸಲು ಒಬ್ಬ ಮಗನಿರಲೆಂದು ಬಯಸಿದವರಿದ್ದರು. ಆಸ್ತಿ ಹಂಚಿಹೋಗದಿರಲೆಂದು ಲೆಕ್ಕ ಹಾಕಿದವರೂ ಇದ್ದರು. ಏಳನೆಯ ವಯಸ್ಸಿನಲ್ಲಿ ಬಂಧುಗಳಿಂದ ಮಠಕ್ಕೆ ಒಪ್ಪಿಸಲ್ಪಟ್ಟ ಸಂತ ಬೀಡರು ತಮ್ಮ ಜೀವನವನ್ನು ಕೃತಜ್ಞತೆಯಿಂದಲೇ ನೆನೆಯುತ್ತಾರೆ. ಆ ಒಪ್ಪಿಸುವಿಕೆ ಇಲ್ಲದಿದ್ದರೆ ಇಂಗ್ಲೆಂಡಿನ ಧರ್ಮಸಭೆಗೆ ಅದರ ಚರಿತ್ರೆಯೇ ಇರುತ್ತಿರಲಿಲ್ಲ.

ತೊಡಕು ಬೇರೆಲ್ಲಿಯೋ ಇತ್ತು. ಪತ್ರವನ್ನು ಬರೆದವರು ತಂದೆತಾಯಿಗಳು, ಸ್ವೀಕರಿಸಿದವರು ಮಠಾಧಿಪತಿಗಳು, ಬದುಕನ್ನು ಬದುಕಬೇಕಾದವನು ಹುಡುಗ. ಅವನು ಬೆಳೆದು ದೊಡ್ಡವನಾದ ಮೇಲೆ ತನಗೆ ಇದು ಬೇಡವೆಂದರೆ? 633ರ ನಾಲ್ಕನೆಯ ಟೊಲೆಡೊ ಪರಿಷತ್ತು ಸಂಶಯಕ್ಕೆ ಎಡೆಯಿಲ್ಲದಂತೆ ತೀರ್ಮಾನಿಸಿತು: ತಂದೆಯ ಭಕ್ತಿಯಾಗಲಿ ಸ್ವಂತ ಪ್ರತಿಜ್ಞೆಯಾಗಲಿ, ಎರಡರಲ್ಲಿ ಯಾವುದು ಒಬ್ಬನನ್ನು ಸನ್ಯಾಸಿಯಾಗಿ ಮಾಡಿದರೂ ಅದು ಸಮಾನವಾಗಿ ಬಂಧಿಸುತ್ತದೆ, ಲೋಕಕ್ಕೆ ಹಿಂದಿರುಗುವ ದಾರಿಯಿಲ್ಲ. 656ರಲ್ಲಿ ಅದೇ ನಗರದ ಹತ್ತನೆಯ ಪರಿಷತ್ತು ತಂದೆತಾಯಿಗಳ ಈ ಅಧಿಕಾರವನ್ನು ಮಗುವಿನ ಹತ್ತನೆಯ ವಯಸ್ಸಿಗೆ ಸೀಮಿತಗೊಳಿಸಿತು. 726ರಲ್ಲಿ ಸಂತ ಬೊನಿಫಾಸರು ಇದೇ ಪ್ರಶ್ನೆಯನ್ನು ವಿಶ್ವಗುರು ಎರಡನೆಯ ಗ್ರೆಗರಿಯವರ ಮುಂದಿಟ್ಟಾಗ, ಬಾಲ್ಯದಲ್ಲಿ ಅರ್ಪಿತರಾದವರು ಮಠ ಬಿಟ್ಟು ಮದುವೆಯಾಗುವಂತಿಲ್ಲವೆಂಬ ಉತ್ತರವೇ ಬಂದಿತು. 817ರಲ್ಲಿ ಮಾತ್ರ ಆಖೆನ್ ನಗರದಲ್ಲಿ ಸೇರಿದ ಮಠಾಧಿಪತಿಗಳ ಸಭೆಯು ಒಂದು ಸಣ್ಣ ಕಿಟಕಿಯನ್ನು ತೆರೆಯಿತು: ಅರ್ಪಣೆಯು ಗೃಹಸ್ಥ ಸಾಕ್ಷಿಗಳ ಮುಂದೆ ನಡೆಯಬೇಕು, ತಿಳಿವಳಿಕೆಯ ವಯಸ್ಸಿಗೆ ಬಂದಾಗ ಹುಡುಗನು ತಾನೇ ಅದನ್ನು ದೃಢಪಡಿಸಬೇಕು. ದೃಢಪಡಿಸಲು ಒಪ್ಪದಿದ್ದರೆ ಏನೆಂಬುದನ್ನು ಅದು ಹೇಳಲಿಲ್ಲ.

ಹೇಳದೆ ಬಿಟ್ಟ ಆ ಮಾತನ್ನು ಹನ್ನೆರಡು ವರ್ಷಗಳ ತರುವಾಯ ಸಾಕ್ಸನ್ ಯುವಕನೊಬ್ಬನು ಎತ್ತಿದನು. ಅವನ ಹೆಸರು ಗೊಟ್‌ಶಾಲ್ಕ್. ದೇವರ ದಾಸನೆಂದು ಆ ಹೆಸರಿನ ಅರ್ಥ. ಬೆರ್ನ್ ಎಂಬ ಸಾಕ್ಸನ್ ಪ್ರಭುವಿನ ಮಗನಾದ ಅವನನ್ನು ಬಾಲ್ಯದಲ್ಲಿಯೇ ಫುಲ್ಡಾ ಮಠಕ್ಕೆ ಅರ್ಪಿಸಲಾಗಿತ್ತು. ಫುಲ್ಡಾ ಎಂದರೆ ಬೊನಿಫಾಸರೇ ಸ್ಥಾಪಿಸಿದ, ಅವರ ಸಮಾಧಿಯುಳ್ಳ, ಜರ್ಮನ್ ಸೀಮೆಯ ಅತಿ ಪ್ರಖ್ಯಾತ ಮಠ. 829ರಲ್ಲಿ ಮೈನ್ಸ್ ನಗರದಲ್ಲಿ ಮಹಾಧರ್ಮಾಧ್ಯಕ್ಷ ಓಟ್ಗರರ ನೇತೃತ್ವದಲ್ಲಿ ಸೇರಿದ ಸಭೆಯ ಮುಂದೆ ಗೊಟ್‌ಶಾಲ್ಕ್ ನಿಂತು, ತನ್ನನ್ನು ಬಿಡುಗಡೆ ಮಾಡಬೇಕೆಂದು ಕೇಳಿದನು. ಅವನ ವಾದಗಳು ನಮಗೆ ಎದುರಾಳಿಯ ಬರಹದಿಂದಲೇ ತಿಳಿದುಬರುತ್ತವೆ. ಆದರೂ ಅವುಗಳ ತೀಕ್ಷ್ಣತೆ ಮರೆಯಾಗಿಲ್ಲ. ಒಬ್ಬನ ಸಮ್ಮತಿಯಿಲ್ಲದೆ ಅವನನ್ನು ಸನ್ಯಾಸಕ್ಕೆ ಕಟ್ಟಿಹಾಕಲಾಗದು ಎಂಬುದು ಒಂದು. ಸಾಕ್ಸನ್ನನೊಬ್ಬನು ತನ್ನ ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದಾದರೆ ಅದಕ್ಕೆ ಸಾಕ್ಷಿಗಳೂ ಸಾಕ್ಸನ್ನರೇ ಆಗಿರಬೇಕು ಎಂಬುದು ಇನ್ನೊಂದು. ಈ ಎರಡನೆಯ ವಾದವು ಕೇವಲ ತಾಂತ್ರಿಕವೆಂದು ತೋರಬಹುದು. ಆದರೆ ತಂದೆಯು ಭಕ್ತಿಯೆಂದು ಬರೆದುಕೊಟ್ಟದ್ದನ್ನು ಮಗನು ಸ್ವಾತಂತ್ರ್ಯನಷ್ಟವೆಂದು ಓದಿದನೆಂಬುದು ಅದರೊಳಗಿದೆ. ಅವನೊಡನೆ ಮಠಕ್ಕೆ ಸಂದ ಆಸ್ತಿಯ ಪ್ರಶ್ನೆಯೂ ಇದರಲ್ಲಿ ಹೆಣೆದುಕೊಂಡಿತ್ತು.

ಸಭೆಯು ಅವನ ಪರವಾಗಿ ತೀರ್ಪಿತ್ತಿತು. ಎರಡು ಶತಮಾನಗಳ ಪರಿಷತ್ತುಗಳ ನಿರ್ಣಯಗಳು ಎದುರಿಗಿರುವಾಗ ಧರ್ಮಾಧ್ಯಕ್ಷರು ಹೀಗೆ ಮಾಡಿದ್ದು ಸಣ್ಣ ಸಂಗತಿಯಲ್ಲ. ಫುಲ್ಡಾದ ಮಠಾಧಿಪತಿ ರಬಾನುಸ್ ಮೌರುಸರು ಅದನ್ನು ಒಪ್ಪದೆ ಚಕ್ರವರ್ತಿ ಲೂಯಿಗೆ ಮೊರೆಯಿಟ್ಟರು. ಬಾಲಕರ ಅರ್ಪಣೆಯನ್ನು ಸಮರ್ಥಿಸುವ ಒಂದು ಗ್ರಂಥವನ್ನೇ ಬರೆದರು. ಅಬ್ರಹಾಮನು ಇಸಾಕನನ್ನು ಅರ್ಪಿಸಿದ್ದು, ಹನ್ನಳು ಸಮುವೇಲನನ್ನು ಶಿಲೋವಿನ ದೇವಾಲಯಕ್ಕೆ ಒಪ್ಪಿಸಿದ್ದು ಅವರ ಆಧಾರಗಳು. ದೇವರಿಗೆ ಸಲ್ಲಿಸಿದ್ದನ್ನು ಮನುಷ್ಯರು ಹಿಂತೆಗೆಯಲಾಗದು, ದೇವರ ಸೇವೆ ದಾಸ್ಯವಲ್ಲ ಎಂಬುದು ಅವರ ವಾದದ ತಿರುಳು. ರಬಾನುಸರನ್ನು ಹೃದಯಹೀನರೆಂದು ಭಾವಿಸಲಾಗದು. ಅವರೂ ಬಾಲ್ಯದಲ್ಲಿ ಅದೇ ಫುಲ್ಡಾ ಮಠಕ್ಕೆ ತಂದೆತಾಯಿಗಳಿಂದ ಅರ್ಪಿತರಾದವರೇ. ಗೊಟ್‌ಶಾಲ್ಕನ ವಾದವನ್ನು ಒಪ್ಪಿದರೆ ತಮ್ಮ ಬದುಕಿಗೂ ತಮ್ಮ ಹೆತ್ತವರ ಭಕ್ತಿಗೂ ಏನರ್ಥ ಉಳಿಯುತ್ತಿತ್ತು? ಅವರ ಗ್ರಂಥದ ಕಾವಿನಲ್ಲಿ ಈ ನೋವೂ ಇದೆಯೆಂದು ನಮಗೆ ತೋರುತ್ತದೆ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. ಗೊಟ್‌ಶಾಲ್ಕ್ ಫುಲ್ಡಾಕ್ಕೆ ಹಿಂದಿರುಗಲಿಲ್ಲ. ಸನ್ಯಾಸಿಯಾಗಿಯೇ ಉಳಿದು ಕೊರ್ಬಿ, ಓರ್ಬೆ ಮಠಗಳಿಗೆ ಸೇರಿದನು. ಪೂರ್ವನಿರ್ಣಯದ ಕುರಿತ ಅವನ ಬೋಧನೆಯನ್ನು 848ರಲ್ಲಿ ಮೈನ್ಸ್ ನಗರದ ಸಭೆ ಖಂಡಿಸಿತು. ಆ ಹೊತ್ತಿಗೆ ಮೈನ್ಸಿನ ಮಹಾಧರ್ಮಾಧ್ಯಕ್ಷರಾಗಿ ಆ ಸಭೆಯನ್ನು ನಡೆಸಿದವರು ರಬಾನುಸರೇ. ಮರುವರ್ಷ ಕಿಯೆರ್ಸಿಯ ಸಭೆಯ ಆಜ್ಞೆಯಂತೆ ಅವನನ್ನು ಹೊಡೆಸಿ, ಅವನ ಬರಹಗಳನ್ನು ಅವನ ಕೈಯಿಂದಲೇ ಬೆಂಕಿಗೆ ಹಾಕಿಸಿ, ಓವಿಯೆರ್ ಮಠದಲ್ಲಿ ಸೆರೆಯಿಟ್ಟರು. ಅಲ್ಲಿಯೇ ಅವನು ತೀರಿಕೊಂಡನು. ತನ್ನ ಇಚ್ಛೆಯನ್ನು ಕೇಳದೆ ಬದುಕು ನಿರ್ಣಯವಾಗಿಬಿಟ್ಟ ಹುಡುಗನೇ ಬೆಳೆದು ದೇವರ ಪೂರ್ವನಿರ್ಣಯವನ್ನು ಅಷ್ಟು ಕಠಿಣವಾಗಿ ಬೋಧಿಸಿದನೆಂಬ ಸಂಬಂಧವನ್ನು ಕಲ್ಪಿಸುವುದು ಸುಲಭ. ಆಗಸ್ಟೀನರನ್ನು ಆಳವಾಗಿ ಓದಿದವನ ದೈವಶಾಸ್ತ್ರವನ್ನು ಬಾಲ್ಯದ ಗಾಯವೊಂದಕ್ಕೆ ಇಳಿಸುವುದು ಅನ್ಯಾಯವೆಂದು ಎಣಿಸಿ ನಾವು ಆ ದಾರಿ ಹಿಡಿಯುವುದಿಲ್ಲ.

ಅರ್ಪಣೆಯ ಪದ್ಧತಿ ಇನ್ನೂ ಎರಡೂವರೆ ಶತಮಾನ ಬಲವಾಗಿ ನಡೆಯಿತು. ಹನ್ನೊಂದನೆಯ ಶತಮಾನದಲ್ಲಿ ಕ್ಲೂನಿ ಮಠದ ಆಚಾರಗಳನ್ನು ದಾಖಲಿಸಿದ ಉಲ್ರಿಕರು, ಮನೆ ತುಂಬ ಮಕ್ಕಳಿರುವವರು ಅವರಲ್ಲಿ ಕುಂಟರನ್ನೋ ಗೂನು ಬೆನ್ನಿನವರನ್ನೋ ಲೋಕಕ್ಕೆ ಉಪಯೋಗವಿಲ್ಲದವರೆಂದು ತೋರಿದವರನ್ನೋ ಆರಿಸಿ ದೇವರಿಗೆ ಕೊಡುತ್ತಾರೆಂದು ನೊಂದು ಬರೆದಿದ್ದಾರೆ. ಹೊಣೆಯಿಂದ ನುಣುಚಿಕೊಳ್ಳುವುದಕ್ಕೆ ಭಕ್ತಿಯ ಬಾಗಿಲು ಬಳಕೆಯಾಗುತ್ತಿತ್ತೆಂಬುದನ್ನು ಮಠದೊಳಗಿನವರೇ ಕಂಡಿದ್ದರು. ಆದರೆ ಪ್ರೀತಿಸಿದ ಮಗನನ್ನು ಕೊಟ್ಟವರ ಕಥೆಯೇ ಹೆಚ್ಚು ಕಾಡುತ್ತದೆ. 1085ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಸೀಮೆಯ ಓಡೆಲೇರಿಯುಸ್ ಎಂಬ ಗುರುವೊಬ್ಬರು ಹತ್ತು ವರ್ಷದ ತಮ್ಮ ಮಗ ಓರ್ಡೆರಿಕನನ್ನು ಸಮುದ್ರದಾಚೆಯ ನಾರ್ಮಂಡಿಯ ಸೇಂತ್ ಎವ್ರೂಲ್ ಮಠಕ್ಕೆ ಕಳುಹಿಸಿಕೊಟ್ಟರು. (ಗುರುವಿಗೆ ಮಗನೆಲ್ಲಿಂದ ಎಂದು ಹುಬ್ಬೇರಿಸುವವರಿಗೆ, ಆ ಕಾಲದ ಇಂಗ್ಲೆಂಡಿನಲ್ಲಿ ಇದು ಅಪರೂಪವಾಗಿರಲಿಲ್ಲವೆಂದಷ್ಟೇ ಹೇಳಬಹುದು.) ಆ ಬಾಲಕನೇ ಮುಂದೆ ನಾರ್ಮನ್ ಯುಗದ ಮಹಾಚರಿತ್ರಕಾರ ಓರ್ಡೆರಿಕ್ ವಿಟಾಲಿಸ್ ಆದನು. ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಹದಿಮೂರು ಸಂಪುಟಗಳ ಚರಿತ್ರೆಯನ್ನು ಮುಗಿಸುತ್ತ ಅವನು ಆ ದಿನವನ್ನು ನೆನೆಯುತ್ತಾನೆ: ಅಳುತ್ತಿದ್ದ ತಂದೆ ಅಳುತ್ತಿದ್ದ ಮಗನನ್ನು ಸನ್ಯಾಸಿಯೊಬ್ಬರ ಕೈಗೆ ಒಪ್ಪಿಸಿದ್ದನ್ನು, ಆಮೇಲೆ ತಂದೆ ತನ್ನನ್ನು ಮತ್ತೆ ಕಾಣಲೇ ಇಲ್ಲವೆಂಬುದನ್ನು, ಈಜಿಪ್ಟಿನಲ್ಲಿದ್ದ ಜೋಸೆಫನಂತೆ ತನಗೆ ತಿಳಿಯದ ಭಾಷೆಯನ್ನು ಕೇಳುತ್ತ ನಿಂತದ್ದನ್ನು. ತಂದೆಯ ಮಾತನ್ನು ಮೀರುವ ಯೋಚನೆಯೂ ತನಗೆ ಬರಲಿಲ್ಲವೆನ್ನುತ್ತಾನೆ. ದೂರಿನ ಮಾತು ಒಂದೂ ಇಲ್ಲ. ಮಠದ ಸಹೋದರರು ತೋರಿದ ಪ್ರೀತಿಗೆ ದೇವರನ್ನು ಸ್ತುತಿಸುತ್ತಾನೆ. ಆದರೆ ಐವತ್ತಾರು ವರ್ಷಗಳ ತರುವಾಯವೂ ಆ ಕಣ್ಣೀರು ಒಣಗಿರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಗಾಳಿ ತಿರುಗಿತು. ಸಿಸ್ಟೆರ್ಸಿಯನ್ ಸಭೆಯವರು ಹದಿನೈದು ವರ್ಷಕ್ಕಿಂತ ಕಿರಿಯರನ್ನು ಸೇರಿಸಿಕೊಳ್ಳದಿರಲು ನಿರ್ಧರಿಸಿದರು. ಆ ಶತಮಾನದ ಕೊನೆಯ ದಶಕದಲ್ಲಿ ವಿಶ್ವಗುರು ಮೂರನೆಯ ಸೆಲೆಸ್ಟೀನರು, ಎಳವೆಯಲ್ಲಿ ಅರ್ಪಿತನಾದವನು ವಿವೇಚನೆಯ ವಯಸ್ಸಿಗೆ ಬಂದಾಗ ಮಠವನ್ನು ಬಿಟ್ಟುಹೋಗಬಹುದೆಂದು ತೀರ್ಪಿತ್ತರು. ಗೊಟ್‌ಶಾಲ್ಕನ ಮೊದಲ ವಾದಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ದೊರೆತ ಜಯವಿದು. ಟ್ರೆಂಟ್ ಮಹಾಸಭೆಯು 1563ರಲ್ಲಿ ಹದಿನಾರು ವರ್ಷ ತುಂಬದವರ ಪ್ರತಿಜ್ಞೆ ಅಸಿಂಧುವೆಂದು ವಿಧಿಸಿತು. ಸ್ತ್ರೀಯನ್ನು ಬಲವಂತವಾಗಿ ಮಠಕ್ಕೆ ದೂಡುವವರನ್ನು ಬಹಿಷ್ಕಾರಕ್ಕೆ ಗುರಿಮಾಡಿತು.

ಸಂತ ಥಾಮಸ್ ಅಕ್ವಿನಾಸರು ಈ ತಿರುವಿಗೆ ದೈವಶಾಸ್ತ್ರದ ಅಡಿಪಾಯವನ್ನು ಬೇರೊಂದು ಪ್ರಶ್ನೆಯ ಸಂದರ್ಭದಲ್ಲಿ ಒದಗಿಸಿದರು. ಯೆಹೂದ್ಯರ ಮಕ್ಕಳಿಗೆ ಹೆತ್ತವರ ಇಚ್ಛೆಗೆ ವಿರುದ್ಧವಾಗಿ ದೀಕ್ಷಾಸ್ನಾನ ಕೊಡಬಹುದೇ ಎಂದು ವಿಚಾರಿಸುತ್ತ ಅವರು ಕೂಡದೆಂದು ಹೇಳುತ್ತಾರೆ: ಬುದ್ಧಿ ಬಲಿಯುವವರೆಗೆ ಮಗುವು ತಂದೆತಾಯಿಗಳ ಆರೈಕೆಯಲ್ಲಿ, ಒಂದು ಬಗೆಯ ಆತ್ಮಿಕ ಗರ್ಭದಲ್ಲಿ ಇರುತ್ತದೆ, ಬುದ್ಧಿ ಬಲಿತ ಮೇಲೆ ಅದು ತನಗೆ ತಾನೇ ಸೇರಿದ್ದು. (1858ರಲ್ಲಿ ಬೊಲೋನ್ಯದಲ್ಲಿ ಆರು ವರ್ಷದ ಎಡ್ಗಾರ್ದೊ ಮೊರ್ತಾರನನ್ನು ಅವನ ಯೆಹೂದ್ಯ ತಂದೆತಾಯಿಗಳಿಂದ ಎತ್ತಿಕೊಂಡುಹೋದಾಗ ಈ ಬೋಧನೆ ಎಲ್ಲಿ ಹೋಗಿತ್ತೆಂದು ಕೇಳುವವರಿಗೆ ನಮ್ಮಲ್ಲಿ ಸಮರ್ಥನೆಯಿಲ್ಲ.) ಥಾಮಸರ ಗರ್ಭದ ರೂಪಕವನ್ನು ಹಿಡಿದು ಒಂದು ಹೆಜ್ಜೆ ಮುಂದೆ ಹೋಗಬಹುದು. ಗರ್ಭಕ್ಕೆ ಶಿಶುವಿನ ಮೇಲೆ ಇರುವುದು ಅಧಿಕಾರವೋ ಹೊಣೆಯೋ? ಅಧಿಕಾರವೆಂದು ಕರೆಯುವುದಾದರೂ ಅದು ಪೋಷಿಸಲಿಕ್ಕಾಗಿಯೇ ಇರುವ ಅಧಿಕಾರ. ಹಾಗಾದರೆ ತಂದೆತಾಯಿಗಳ ಹಕ್ಕು ಮತ್ತು ಹೊಣೆ ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲ. ಹಕ್ಕು ಹೊಣೆಗಾಗಿ ಇದೆ. ಹಕ್ಕನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಹೊಣೆ ತೀರದು.

ರಬಾನುಸರು ಉದಾಹರಿಸಿದ ಹನ್ನಳ ಕಥೆಯೇ ಇದನ್ನು ಬಲಪಡಿಸುತ್ತದೆ. ಹಾಲು ಬಿಡಿಸಿದ ಮಗನನ್ನು ಅವಳು ಶಿಲೋವಿಗೆ ಕರೆತಂದು ಯಾಜಕ ಏಲಿಗೆ ಒಪ್ಪಿಸಿದಳು. ಅವನನ್ನು ಮರಳಿ ಕೇಳಲಿಲ್ಲ; ಅವನ ಬದುಕಿನ ಬಗ್ಗೆ ಏಲಿಗೆ ಆಜ್ಞೆ ಮಾಡಲಿಲ್ಲ. ಹಕ್ಕು ಸಂಪೂರ್ಣವಾಗಿ ಬಿಟ್ಟದ್ದಾಯಿತು. ಆದರೆ ಸಮುವೇಲನ ಮೊದಲನೆಯ ಗ್ರಂಥದ ಎರಡನೆಯ ಅಧ್ಯಾಯವು ಮರೆಯದೆ ದಾಖಲಿಸುವ ಒಂದು ವಿವರವಿದೆ: ವರ್ಷವರ್ಷವೂ ಗಂಡನೊಡನೆ ಬಲಿಯರ್ಪಿಸಲು ಹೋಗುವಾಗ ಅವಳು ಮಗನಿಗಾಗಿ ಒಂದು ಪುಟ್ಟ ನಿಲುವಂಗಿಯನ್ನು ಹೊಲಿದು ಒಯ್ಯುತ್ತಿದ್ದಳು. ವರ್ಷವರ್ಷವೂ ಎಂದರೆ ಬೆಳೆಯುವ ಮಗನ ಅಳತೆಯನ್ನು ಅವಳು ಮನಸ್ಸಿನಲ್ಲಿಟ್ಟುಕೊಂಡಿದ್ದಳು. ದೇವಾಲಯದಲ್ಲಿ ಅವನಿಗೆ ಬಟ್ಟೆಗೆ ಕೊರತೆಯಿತ್ತೆಂದು ಗ್ರಂಥ ಹೇಳುವುದಿಲ್ಲ. ಬೆನೆಡಿಕ್ಟರ 59ನೆಯ ಅಧ್ಯಾಯದ ಪ್ರಮಾಣವನ್ನು ಹನ್ನಳು ಮಾಡಿದ್ದರೆ ಆ ನಿಲುವಂಗಿ ಶಿಲೋವಿಗೆ ತಲುಪುತ್ತಿರಲಿಲ್ಲ. ನಮ್ಮ ಮಹಾಗುರುವಾದ ಬೆನೆಡಿಕ್ಟರ ಬಗ್ಗೆ ಹೀಗೆ ಬರೆಯಲು ಸಂಕೋಚವಾಗುತ್ತದೆ. ಆದರೂ ಈ ಒಂದು ಅಂಶದಲ್ಲಿ ಪವಿತ್ರ ಗ್ರಂಥದ ತಾಯಿಯೇ ಹೆಚ್ಚು ತಿಳಿದವಳೆಂದು ನಾವು ಎಣಿಸುತ್ತೇವೆ.

ಅರ್ಪಣೆ ಕ್ಷೀಣಿಸುತ್ತಿದ್ದ ಕಾಲಕ್ಕೆ ಇನ್ನೊಂದು ಬಾಗಿಲು ತೆರೆಯಿತು. ಟೈಬರ್ ನದಿಯಲ್ಲಿ ಬೆಸ್ತರ ಬಲೆಗೆ ಶಿಶುಗಳ ಶವಗಳು ಸಿಕ್ಕಿದ್ದನ್ನು ಕಂಡು ಮರುಗಿ ವಿಶ್ವಗುರು ಮೂರನೆಯ ಇನೊಸೆಂಟರು ರೋಮಿನ ಸಾಂತೊ ಸ್ಪಿರಿತೊ ಆಸ್ಪತ್ರೆಯಲ್ಲಿ ಅಂಥ ಮಕ್ಕಳಿಗೆ ಆಶ್ರಯ ಕಲ್ಪಿಸಿದರೆಂದು ಪ್ರತೀತಿ. ಮುಂದೆ ಇಟಲಿಯುದ್ದಕ್ಕೂ ಇಂಥ ಮನೆಗಳು ಎದ್ದವು. ಗೋಡೆಯಲ್ಲಿ ಅಳವಡಿಸಿದ ತಿರುಗುತೊಟ್ಟಿಲಿನಲ್ಲಿ ಮಗುವನ್ನಿಟ್ಟು ತಿರುಗಿಸಿದರೆ, ಹೊರಗಿನವರ ಮುಖ ಒಳಗಿನವರಿಗೆ ಕಾಣದಂತೆ ಅದು ಒಳಗೆ ಸೇರುತ್ತಿತ್ತು. ಫ್ಲಾರೆನ್ಸಿನಲ್ಲಿ ಬ್ರುನೆಲ್ಲೆಸ್ಕಿ ವಿನ್ಯಾಸಗೊಳಿಸಿದ ಇನ್ನೊಚೆಂತಿ ಅನಾಥಾಲಯ 1445ರಲ್ಲಿ ಮೊದಲ ಶಿಶುವನ್ನು ಸ್ವೀಕರಿಸಿತು. ಮಕ್ಕಳ ಬಟ್ಟೆಯಲ್ಲಿ ತಾಯಂದಿರು ಬಿಟ್ಟುಹೋದ ಅರ್ಧ ತುಂಡರಿಸಿದ ಪದಕಗಳು ಇಂದಿಗೂ ಅಲ್ಲಿವೆ. ಉಳಿದರ್ಧವನ್ನು ತಾಯಿ ತನ್ನಲ್ಲಿ ಇಟ್ಟುಕೊಂಡಿರುತ್ತಿದ್ದಳು, ಎಂದಾದರೂ ಬಂದು ಗುರುತು ಹೇಳಲು. ಅವರಲ್ಲಿ ಹೆಚ್ಚಿನವರು ಮರಳಿ ಬರಲಿಲ್ಲ. ಹಕ್ಕನ್ನು ಬಿಡಲೇಬೇಕಾದವರ ಕೈಯಲ್ಲಿ ಉಳಿದ ಆ ಲೋಹದ ಚೂರು ಹನ್ನಳ ನಿಲುವಂಗಿಯ ಬಡ ತಂಗಿ.

ಗಂಡಸರ ಕಥೆ ಬೇರೆ. ರೂಸೊ ತನ್ನ ಐದು ಮಕ್ಕಳನ್ನು ಪ್ಯಾರಿಸಿನ ಅನಾಥಾಲಯಕ್ಕೆ ಕಳುಹಿಸಿದ್ದನ್ನು ತಾನೇ ಒಪ್ಪಿಕೊಂಡಿದ್ದಾನೆ. ಬಳಿಕ 1762ರಲ್ಲಿ ಮಕ್ಕಳ ಶಿಕ್ಷಣದ ಬಗ್ಗೆ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. 1804ರ ಫ್ರೆಂಚ್ ನಾಗರಿಕ ಸಂಹಿತೆಯಂತೂ ಅವಿವಾಹಿತ ತಾಯಿಯ ಮಗುವಿಗೆ ತಂದೆ ಯಾರೆಂದು ನ್ಯಾಯಾಲಯದಲ್ಲಿ ಅರಸುವುದನ್ನೇ ನಿಷೇಧಿಸಿತು. ಏಳು ವರ್ಷಗಳ ಬಳಿಕ ನೆಪೋಲಿಯನ್ನನ ಆಜ್ಞೆ ಜಿಲ್ಲೆಯ ಪ್ರತಿ ಉಪವಿಭಾಗಕ್ಕೊಂದು ತಿರುಗುತೊಟ್ಟಿಲನ್ನು ವಿಧಿಸಿತು. ಎರಡನ್ನೂ ಒಟ್ಟಿಗೆ ಓದಿದರೆ ಚಿತ್ರ ಸ್ಪಷ್ಟವಾಗುತ್ತದೆ: ತಂದೆಯ ಹೊಣೆಯನ್ನು ಕಾನೂನೇ ಅಳಿಸಿತು, ತಾಯಿಗೆ ತೊಟ್ಟಿಲು ತೋರಿಸಿತು. ಆ ಮನೆಗಳೊಳಗೆ ಸತ್ತ ಮಕ್ಕಳ ಸಂಖ್ಯೆ ಬದುಕಿದವರಿಗಿಂತ ಹೆಚ್ಚಾಗಿದ್ದ ವರ್ಷಗಳು ಹಲವು. ತಂದೆಯನ್ನು ಅರಸಬಾರದೆಂಬ ಆ ನಿಷೇಧ ಸಡಿಲಗೊಂಡದ್ದು 1912ರಲ್ಲಿ.

ಇನ್ನು ನಮ್ಮ ದೇಶಕ್ಕೆ ಬರೋಣ. ಮಗುವನ್ನು ಸಾಕಲು ನಿಜಕ್ಕೂ ಅಸಮರ್ಥರಾದವರಿಗೆ 2015ರ ಬಾಲನ್ಯಾಯ ಕಾಯ್ದೆಯ 35ನೆಯ ಕಲಮು ಒಂದು ಗೌರವದ ದಾರಿಯನ್ನು ತೆರೆದಿದೆ. ತಮ್ಮ ಹಿಡಿತವನ್ನು ಮೀರಿದ ದೈಹಿಕ, ಮಾನಸಿಕ, ಸಾಮಾಜಿಕ ಕಾರಣಗಳಿಂದ ಮಗುವನ್ನು ಒಪ್ಪಿಸಲು ಬಯಸುವವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬರಬೇಕು. ಸಮಿತಿಯು ವಿಚಾರಿಸಿ ಸಲಹೆ ನೀಡಿದ ಮೇಲೂ ಅವರು ದೃಢವಾಗಿದ್ದರೆ ಪತ್ರವಾಗುತ್ತದೆ. ಮರುಯೋಚನೆಗೆ ಎರಡು ತಿಂಗಳ ಅವಧಿಯಿದೆ. ವೇಸೋನ್ ಪರಿಷತ್ತಿನ ಹತ್ತು ದಿನಗಳು ಇಲ್ಲಿ ಅರುವತ್ತಾಗಿವೆ. ಹಿಂದೆ ಕ್ರೈಸ್ತರು 1890ರ ಪಾಲಕರ ಕಾಯ್ದೆಯ ಅಡಿಯಲ್ಲಿ ಬೇರೊಬ್ಬರ ಮಗುವಿಗೆ ಪಾಲಕರಷ್ಟೇ ಆಗಬಹುದಾಗಿತ್ತು. ಬಾಲನ್ಯಾಯ ಕಾಯ್ದೆಯಡಿ ಇಂದು ಯಾವ ಧರ್ಮದವರಾದರೂ ದತ್ತು ಪಡೆದು ಪೂರ್ಣ ತಂದೆತಾಯಿಗಳಾಗಬಹುದು. ಹೊಣೆ ಒಂದು ಕೈ ಬಿಟ್ಟರೆ ಇನ್ನೊಂದು ಕೈ ಅದನ್ನು ಹಿಡಿಯುತ್ತದೆ. ಈ ದಾರಿಯಲ್ಲಿ ಬರುವ ತಾಯಿಯನ್ನು ಪಾಪಿಯೆಂದು ಕಾಣುವ ಗುರುವಿಗೆ ಓಡೆಲೇರಿಯುಸರ ಕಣ್ಣೀರನ್ನು ನೆನಪಿಸಬೇಕು.

ಆದರೆ ವಿಚ್ಛೇದನದ ಕರಾರುಪತ್ರದಲ್ಲಿ ಹೊಣೆಯನ್ನು ಹಿಡಿಯುವ ಎರಡನೆಯ ಕೈ ಹೊಸದಾಗಿ ಬರುವುದಿಲ್ಲ. ಇದ್ದ ಇಬ್ಬರಲ್ಲಿ ಒಬ್ಬರು ಬಿಡುತ್ತಾರೆ, ಇನ್ನೊಬ್ಬರ ಮೇಲೆ ಇಮ್ಮಡಿ ಭಾರ ಬೀಳುತ್ತದೆ. ಮಗುವನ್ನು ನೋಡಲು ಬರುವುದಿಲ್ಲವೆಂಬುದನ್ನು ಬೆಲೆಯಾಗಿ ಕೊಟ್ಟು ಖರ್ಚಿನಿಂದ ಬಿಡುಗಡೆಯನ್ನು ಕೊಳ್ಳಲಾಗುತ್ತದೆ. ನೊಂದ ತಾಯಿಯೂ ಇದಕ್ಕೆ ಸಂತೋಷದಿಂದಲೇ ಸಹಿ ಹಾಕಬಹುದು, ಅವನ ಮುಖ ಕಾಣದಿದ್ದರೆ ಸಾಕೆಂದು. ಅವಳ ಒಪ್ಪಿಗೆ ಅವಳದು, ಮಗುವಿನದಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮು, ಅದಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು, ತನ್ನನ್ನು ತಾನು ಪೋಷಿಸಿಕೊಳ್ಳಲಾಗದ ಮಗುವಿಗೆ ಜೀವನಾಂಶವನ್ನು ಒದಗಿಸುತ್ತದೆ; ತಂದೆತಾಯಿಗಳ ವಿವಾಹ ಸಕ್ರಮವೋ ಅಲ್ಲವೋ ಎಂದು ಅದು ಕೇಳುವುದಿಲ್ಲ.

ಧರ್ಮಸಭೆಯ ಕಾನೂನು ಸಂಹಿತೆಯೂ ಮೌನವಾಗಿಲ್ಲ. ಮಕ್ಕಳ ದೈಹಿಕ, ಸಾಮಾಜಿಕ, ಸಾಂಸ್ಕೃತಿಕ, ನೈತಿಕ, ಧಾರ್ಮಿಕ ಪಾಲನೆಯು ತಂದೆತಾಯಿಗಳ ಅತ್ಯಂತ ಗುರುತರವಾದ ಕರ್ತವ್ಯವೂ ಪ್ರಾಥಮಿಕ ಹಕ್ಕೂ ಆಗಿದೆಯೆಂದು 1136ನೆಯ ನಿಯಮ ಹೇಳುತ್ತದೆ. ಕರ್ತವ್ಯವನ್ನು ಮೊದಲು ಹೆಸರಿಸುತ್ತದೆ. ದಂಪತಿಗಳು ಬೇರ್ಪಟ್ಟಾಗ ಮಕ್ಕಳ ಪೋಷಣೆಗೂ ಶಿಕ್ಷಣಕ್ಕೂ ತಕ್ಕ ಏರ್ಪಾಡು ಆಗಲೇಬೇಕೆಂದು 1154ನೆಯ ನಿಯಮ ವಿಧಿಸುತ್ತದೆ. ವಿವಾಹವೇ ಅಸಿಂಧುವೆಂದು ತೀರ್ಪಾದಾಗಲೂ ಮಕ್ಕಳ ಕುರಿತ ನೈತಿಕ ಹಾಗೂ ನಾಗರಿಕ ಹೊಣೆಗಳನ್ನು ಕಕ್ಷಿಗಳಿಗೆ ನೆನಪಿಸಬೇಕೆಂಬ ವಿಧಿ 2015ರ ಪರಿಷ್ಕರಣೆಯ ನಂತರ 1691ನೆಯ ನಿಯಮದಲ್ಲಿದೆ.

ಇವೆಲ್ಲಕ್ಕಿಂತ ಹೆಚ್ಚು ಬಳಕೆಗೆ ಬರಬೇಕಾದ, ಆದರೆ ನಮ್ಮ ಅನುಭವದಲ್ಲಿ ಹೆಚ್ಚು ಮರೆತುಹೋಗಿರುವ ನಿಯಮ 1071. ಹಿಂದಿನ ಸಂಬಂಧದಿಂದ ಹುಟ್ಟಿದ ಮಕ್ಕಳ ಕಡೆಗೆ ಸಹಜವಾದ ಹೊಣೆಯುಳ್ಳ ವ್ಯಕ್ತಿಯ ವಿವಾಹವನ್ನು ಸ್ಥಳೀಯ ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಯಾವ ಗುರುವೂ ನಡೆಸಿಕೊಡುವಂತಿಲ್ಲ. ಅಸಿಂಧು ತೀರ್ಪಿನ ಪ್ರತಿಯನ್ನು ಕೈಯಲ್ಲಿ ಹಿಡಿದು, ನಾನೀಗ ಸ್ವತಂತ್ರ ಎಂದು ಹೇಳುತ್ತ ಹೊಸ ವಧುವಿನೊಡನೆ ಧರ್ಮಕೇಂದ್ರದ ಕಚೇರಿಗೆ ಬರುವ ತಂದೆಯನ್ನು ಆ ನಿಯಮ ಬಾಗಿಲಲ್ಲಿ ತಡೆದು ಒಂದು ಪ್ರಶ್ನೆ ಕೇಳುತ್ತದೆ. ವಿವಾಹಪೂರ್ವ ವಿಚಾರಣೆಯ ನಮೂನೆಯಲ್ಲಿ ಇದಕ್ಕಾಗಿ ಇರುವ ಸಾಲನ್ನು ಬಹುತೇಕ ಗುರುಗಳು, ನಾವೂ ನಮ್ಮ ಮೊದಲ ವರ್ಷಗಳಲ್ಲಿ, ಇಲ್ಲ ಎಂದು ಬರೆದು ದಾಟಿಬಿಟ್ಟವರೇ. ಆ ಸಾಲಿನಲ್ಲಿ ನಿಲ್ಲಬೇಕೆಂದು ಈಗ ನಮ್ಮ ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಹಕ್ಕುಬಿಟ್ಟ ಕರಾರುಪತ್ರವನ್ನು ಅವರು ತೋರಿಸಿದರೆ ಅದನ್ನು ಓದಿ ಪಕ್ಕಕ್ಕಿಡಬೇಕು. ಮಗು ಯಾವ ತರಗತಿಯಲ್ಲಿದೆ, ಈ ವರ್ಷದ ಶಾಲಾಶುಲ್ಕವನ್ನು ಯಾರು ಕಟ್ಟಿದರು ಎಂದು ಕೇಳಬೇಕು. ಉತ್ತರ ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಮುಂದಿನ ವಾರ ಬರುವಂತೆ ಹೇಳಬೇಕು.